ಹೆಬ್ಬಳ್ಳಿಗೆ ಹೋದ ಗಾಜಿನ ಎಳೆ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ವಿದ್ಯಾನಗರದಿಂದ ಕಂಪ್ಲೇಂಟ್. ನೆಟ್ ಇಲ್ಲ, ನೆಟ್ ಇಲ್ಲ ಎಂದು ಒಂದೇ ಸಮನೆ ಫೋನ್. ನಮ್ಮ ಲೈನ್‌ಮನ್ ನವಾಜ ಹೋಗಿ ನೋಡಿದರೆ ಒಂದು ಮನೆಯಲ್ಲಿ ಇಲಿ ವೈರು ಕಡಿದಿತ್ತು, ಇನ್ನೊಂದರಲ್ಲಿ ಮಿಕ್ಸರ್ ಹಚ್ಚಲು ಮೋಡೆಮ್ ಪ್ಲಗ್ ಕಿತ್ತಿದ್ದರು. ಕೇಬಲ್ ಟಿವಿ ಕಾಲದಿಂದಲೂ ಅವನು ನನ್ನ ಜೊತೆಗಿದ್ದಾನೆ. ಬೇಸರ ಅನ್ನುವುದೇ ಗೊತ್ತಿಲ್ಲ.

ಮಧ್ಯಾಹ್ನ ಧಾರವಾಡದಲ್ಲಿ ಮೀಟಿಂಗ್. ನಮ್ಮಂಥ ಸಣ್ಣ ಇಂಟರ್ನೆಟ್ ಕಂಪನಿಯವರೆಲ್ಲ ಸೇರಿದ್ದೆವು. ಸರ್ಕಾರದ ದುಡ್ಡಿನಲ್ಲಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಬರುತ್ತದಂತೆ. ಅಲ್ಲಿಂದ ಮನೆಮನೆಗೆ ಒಯ್ಯಲು, ಕೆಟ್ಟರೆ ರಿಪೇರಿ ಮಾಡಲು ಕಂಪನಿಗಳನ್ನು ಆರಿಸುತ್ತಾರೆ. ಮಳೆಗಾಲದ ಹೊತ್ತಿಗೆ ಅಧಿಕಾರಿಗಳು ಬಂದು ನೋಡುತ್ತಾರೆ. ಒಂದಾದರೂ ಹಳ್ಳಿಯಲ್ಲಿ ಲೈನ್ ನಡೆಸಿ ತೋರಿಸಿದವರಿಗೆ ಆದ್ಯತೆ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ನನ್ನ ಗಂಡ ಶಶಿಕುಮಾರ ಮೇಷ್ಟ್ರು, ಏನಿದ್ದರೂ ಮೊದಲು ಪ್ರಶ್ನೆಯನ್ನೇ ಕೇಳುತ್ತಾರೆ.

"ದೊಡ್ಡ ದೊಡ್ಡ ಕಂಪನಿಯವ್ರೂ ಅರ್ಜಿ ಹಾಕ್ತಾರಲ್ಲ ಜಯಾ. ನಿನ್ನ ಕಡೆ ಏನೈತಿ?"

"ನವಾಜ ಅದಾನ್ರಿ" ಅಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಫೆಬ್ರವರಿ 11, ಮಂಗಳವಾರ

ಹೆಬ್ಬಳ್ಳಿ. ಲೈನ್ ನಡೆಸಿ ತೋರಿಸಲು ಆರಿಸಿಕೊಂಡ ಹಳ್ಳಿ. ಇಡೀ ದಿನ ನಾನೂ ನವಾಜನೂ ಓಣಿ ಓಣಿ ತಿರುಗಿದೆವು. ಯಾರಿಗೆ ನೆಟ್ ಬೇಕು, ಯಾತಕ್ಕೆ ಬೇಕು ತಿಳಿದುಕೊಳ್ಳದೆ ಲೈನ್ ಎಳೆದು ಏನು ಉಪಯೋಗ. ಎಲ್ಲರೂ ಸಿನಿಮಾ ಅನ್ನುತ್ತಾರೆ ಅಂದುಕೊಂಡಿದ್ದೆ. ಹೊಲಿಗೆ ಮಾಡುವ ಶೇವಂತೆವ್ವ ಬ್ಲೌಸಿನ ಹೊಸ ಡಿಸೈನ್ ನೋಡಬೇಕು ಅಂದಳು. ಹಾಲಿನ ಡೈರಿಯವರು ನೆಟ್ ಇಲ್ಲದೆ ಮಷಿನ್ ನಿಂತುಬಿಡುತ್ತದೆ ಎಂದರು. ಆದರೆ ಪ್ರತಿ ಮನೆಯಲ್ಲೂ ಒಂದು ಮಾತು ಬಂದೇ ಬಂತು — "ಕೆಟ್ರ ಯಾರು ಬರ್ತಾರು?"

ಪಂಚಾಯಿತಿಗೂ ಕೆಳಗಿನ ಓಣಿಗೂ ನಡುವೆ ಕುಬೇರಪ್ಪನವರ ಹೊಲ. ಅದರ ಬದುವಿನಲ್ಲಿ ಕೇಬಲ್ ಹೋದರೆ ಸಲೀಸು. ಸುತ್ತಿ ಹೋಗುವ ರಸ್ತೆ ಅಗಲ ಮಾಡುತ್ತಿದ್ದಾರೆ, ಅಲ್ಲಿ ಹಾಕಿದ್ದು ಉಳಿಯುವುದಿಲ್ಲ.

ಕಟ್ಟೆಯ ಮೇಲೆ ಕೂತೇ ಮಾತಾಡಿದರು. "ಹೋದ ವರ್ಷ ಯಾವುದೋ ಕಂಪನಿಯವ್ರು ಬದು ಅಗದ್ರು. ನೀರಿನ ಪೈಪ್ ಒಡದು ಹ್ವಾದ್ರು. ಫೋನ್ ಹಚ್ಚಿದ್ರ ಇವತ್ತಿಗೂ ಎತ್ತಂಗಿಲ್ಲ. ನೀವರ ಹೆಂಗ ಬ್ಯಾರೆ ಹೇಳ್ರಿ ಅಕ್ಕಾರ."

ನಮಸ್ಕಾರ ಮಾಡಿ ಎದ್ದೆ.

ಬಾಗಿಲ ಹತ್ತಿರ ಅವರ ಸೊಸೆ ನಿಂತಿದ್ದಳು. ವಾಣಿಶ್ರೀ. ಮೆಲ್ಲಗೆ ಕೇಳಿದಳು, "ಮೇಡಂರ, ಸ್ಪ್ಲೈಸಿಂಗ್ ಮಷಿನ್ ನಿಮ್ಮ ಕಡೆ ಐತೇನ್ರಿ?"

ತಿರುಗಿ ನೋಡಿದೆ. ಕೂದಲಿನಂಥ ಗಾಜಿನ ಎಳೆಗಳನ್ನು ಬೆಸೆಯುವ ಮಷಿನ್ನಿನ ಹೆಸರು ಹಳ್ಳಿಯ ಪಡಸಾಲೆಯಲ್ಲಿ! ಗದಗಿನವಳಂತೆ. ಎಲೆಕ್ಟ್ರಾನಿಕ್ಸ್ ಬಿ.ಇ. ಮದುವೆಯಾದ ಮೇಲೆ ಆ ಓದು ಅಲ್ಲಿಗೇ ನಿಂತಿದೆ.

ಫೆಬ್ರವರಿ 13, ಗುರುವಾರ

ಮತ್ತೆ ಹೆಬ್ಬಳ್ಳಿಗೆ, ಕುಬೇರಪ್ಪನವರ ಮನೆಗೆ. ಈ ಸಲ ಬದುವಿನ ಮಾತೇ ಎತ್ತಲಿಲ್ಲ. ರಿಪೇರಿ ಮಾಡುವವರು ಊರೊಳಗೇ ಇರಬೇಕು, ವಾಣಿಶ್ರೀಗೆ ಕಲಿಸುತ್ತೇವೆ, ಸಂಬಳ ಕೊಡುತ್ತೇವೆ ಅಂದೆ.

"ನಮ್ಮನಿ ಸೊಸಿ ಕಂಬ ಏರೂದಾ?"

"ಕಂಬದ ಕೆಲಸ ನವಾಜ ನೋಡ್ತಾನ್ರಿ. ಇದು ಕೂತು ಮಾಡೂದು."

ಒಳಗಿನಿಂದ ಕುಬೇರಪ್ಪನವರ ಹೆಂಡತಿ ಗೌರಕ್ಕನ ದನಿ: "ಅಷ್ಟು ಓದಿದಾಕಿ ಬರೇ ರೊಟ್ಟಿ ಬಡಕೋಂತ ಕೂಡಬೇಕೇನು?"

ವಾಣಿಶ್ರೀ ಹೊರಗೆ ಬಂದಳು. ಕೈಗೆ ಹಿಟ್ಟು ಹತ್ತಿತ್ತು. "ಮಾವಾರ, ಕೆಟ್ರ ಯಾರು ಬರ್ತಾರು ಅಂತ ನೀವ ಕೇಳಿದ್ರಲ್ಲ. ನಾ ಹೋಗ್ತೇನ್ರಿ."

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ನೋಡೂಣು" ಅಂದು ಹೊಲಕ್ಕೆ ಹೋದರು.

ನೋಡೂಣು — ಇಲ್ಲ ಅಂತೂ ಅನ್ನಲಿಲ್ಲ.

ಮಾರ್ಚ್ 5, ಬುಧವಾರ

ಮಾವ ಬೇಡ ಅನ್ನಲಿಲ್ಲವಂತೆ, ವಾಣಿಶ್ರೀ ತಾರಿಹಾಳದ ನಮ್ಮ ಶೆಡ್ಡಿಗೆ ಬರತೊಡಗಿದ್ದಾಳೆ. ಬಸ್ಸು ಬದಲಿಸಿ, ಡಬ್ಬಿ ಕಟ್ಟಿಕೊಂಡು. ಇವತ್ತು ಹಿಡಿದ ಎಳೆಯೆಲ್ಲ ಮುರಿಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನವಾಜ ಹೊಸ ಎಳೆ ಮುಂದೆ ಇಟ್ಟ. "ಉಸಿರು ಬಿಗಿ ಹಿಡೀತೀರಿ ಅಕ್ಕಾರ, ಅದಕ್ಕ ಕೈ ನಡಗತೈತಿ. ಆರಾಮ ಉಸಿರಾಡ್ರಿ."

ಸಂಜೆ ಹೋಗುವ ಮುಂಚೆ ಒಂದು ಕೂಡಿತು. ಒಂದೇ. ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಶೆಡ್ಡಿನ ಬಾಗಿಲಲ್ಲಿ ಕುಬೇರಪ್ಪನವರು! ಮಾರ್ಕೆಟ್ಟಿಗೆ ಬಂದವರು ಹಾಗೇ ಬಂದರಂತೆ. ಸೊಸೆ ಕೆಲಸದಲ್ಲಿ ಮುಳುಗಿದ್ದಳು, ನೋಡಲಿಲ್ಲ. ಇವರೂ ಕರೆಯಲಿಲ್ಲ. ಅವಳು ಎಳೆ ಸುಲಿದು, ಒರೆಸಿ, ಕತ್ತರಿಸಿ ಮಷಿನ್ನಿನಲ್ಲಿ ಇಟ್ಟು ಮುಚ್ಚಳ ಹಾಕುವವರೆಗೂ ನಿಂತು ನೋಡಿದರು.

"ಈಗ ಕೂಡಿತೇನ್ರಿ ಅದು?"

"ಕೂಡಿತ್ರಿ" ಅಂದೆ.

"ಕಾಣಂಗಿಲ್ಲಲ್ಲ."

"ಕಾಣದಂಗ ಕೂಡಸೂದ ಕೆಲಸ್ರಿ" ಅಂದ ನವಾಜ.

ಚಹಾ ಕುಡಿದು ಹೊರಡುವಾಗ ನನ್ನತ್ತ ತಿರುಗಿದರು. "ಬದು ಅಗೀರಿ. ಖರೇ, ಮೊದಲ ನನ್ನ ಪೈಪ್ ಸರಿಮಾಡಬೇಕು."

ಮೇ 6, ಮಂಗಳವಾರ

ಬರೆಯದೆ ಎಷ್ಟೋ ದಿನವಾಯಿತು. ಬಿಸಿಲು, ಧೂಳು, ಪರ್ಮಿಷನ್‌ಗೆ ಓಡಾಟ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಅದಕ್ಕೇ ಪೈಪಿನೊಳಗೆ ಕೇಬಲ್ ಸಡಿಲಾಗಿ ಬಿಟ್ಟಿದ್ದೇವೆ. ಕುಬೇರಪ್ಪನವರ ನೀರಿನ ಪೈಪು ಮೊದಲ ದಿನವೇ ಹೊಸದಾಯಿತು.

ಇವತ್ತು ಶೇವಂತೆವ್ವನ ಮನೆಗೆ ನೆಟ್ ಬಂತು. ಮೋಡೆಮ್ಮಿಗೆ ಕುಂಕುಮ ಹಚ್ಚಿದಳು. ಆಮೇಲೆ ಬ್ಲೌಸಿನ ತೋಳು ನೋಡುತ್ತ ನಾವಿದ್ದದ್ದನ್ನೇ ಮರೆತಳು.

ಹಳೆಯ ಸ್ಪ್ಲೈಸಿಂಗ್ ಮಷಿನ್ ವಾಣಿಶ್ರೀಯ ಮನೆಯಲ್ಲೇ ಬಿಟ್ಟು ಬಂದೆವು.

ಜೂನ್ 17, ಮಂಗಳವಾರ. ಸಂಜೆ

ಇನ್ನೂ ಮೈ ಒದ್ದೆ. ಆದರೂ ಮೊದಲು ಬರೆಯುತ್ತೇನೆ.

ಇವತ್ತೇ ಅಧಿಕಾರಿಗಳು ಹೆಬ್ಬಳ್ಳಿಗೆ ಬರುವುದಿತ್ತು. ಬೆಳಿಗ್ಗೆ ನಾನೂ ನವಾಜನೂ ಸುಳ್ಳ ಅನ್ನುವ ಹಳ್ಳಿಯಲ್ಲಿದ್ದೆವು, ಮುಂದಿನ ಸರ್ವೆಗೆ. ಬೇಗ ಮುಗಿಸಿ ಹೋಗುವ ಲೆಕ್ಕ. ಹೊರಟರೆ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿದೆ. ಅಷ್ಟರಲ್ಲಿ ಫೋನ್ ಮೇಲೆ ಫೋನ್: ಹೆಬ್ಬಳ್ಳಿಯ ಲೈನ್ ಪೂರ್ತಿ ಬಂದ್. ಪಂಚಾಯಿತಿ ಮುಂದೆ ಕೇಬಲ್ ರಸ್ತೆ ದಾಟುವ ಜಾಗದಲ್ಲಿ ಜೆಸಿಬಿ ಹಲ್ಲು ತಾಗಿದೆ.

ವಾಣಿಶ್ರೀಗೆ ಫೋನ್ ಹಚ್ಚಿದೆ. "ಗೊತ್ತಾತ್ರಿ ಮೇಡಂ. ಹೊಂಟೇನಿ." ಕಟ್ ಮಾಡಿದಳು.

ನೀರು ಇಳಿಯುವವರೆಗೆ ಕಾಯುವುದು... ಮುಗಿಯಿತು ಅಂದುಕೊಂಡೆ. ಸತ್ತ ಲೈನ್ ತೋರಿಸಿ ಏನು ಹೇಳಲಿ?

ನಾವು ಮುಟ್ಟುವ ಮೊದಲೇ ಅಧಿಕಾರಿಗಳ ಜೀಪು ಬಂದಿತ್ತು. ರಸ್ತೆ ಬದಿ ಜನ. ನಡುವೆ ವಾಣಿಶ್ರೀ, ಸ್ಟೂಲಿನ ಮೇಲೆ. ಮಷಿನ್ ಬೋರಲು ಹಾಕಿದ ಬುಟ್ಟಿಯ ಮೇಲೆ. ಕುಬೇರಪ್ಪನವರು ಕೊಡೆ ಹಿಡಿದು ನಿಂತಿದ್ದಾರೆ — ಸೊಸೆಯ ಮೇಲೆ, ಮಷಿನ್ನಿನ ಮೇಲೆ. ಅವರ ಟೋಪಿಯಿಂದ ನೀರು ಸುರಿಯುತ್ತಿತ್ತು.

ಅಧಿಕಾರಿ ಒಬ್ಬರು ಮುಂದೆ ಬಂದು, "ನೀವು ಕಂಪನಿಯವರಾ?" ಎಂದರು.

"ರೈತ ಅದೇನ್ರಿ. ಸದ್ಯ ಕೊಡಿ ಹಿಡಿಯಾವ." ಅವರತ್ತ ನೋಡಲೂ ಇಲ್ಲ. "ಸಾಹೇಬ್ರ, ಆ ಕಡಿಂದ ಗಾಳಿ ಬರಾಕತ್ತೇತಿ. ಅಕಿ ಎಳಿ ಕೂಡಸೂತನಕ ಅಲ್ಲೇ ಅಡ್ಡ ನಿಂದರ್ರಿ."

ಸಾಹೇಬರು ಫೈಲು ಎದೆಗೆ ಅವುಚಿಕೊಂಡು ಅಡ್ಡ ನಿಂತರು. ಜೊತೆಗಿದ್ದವರೂ ನಿಂತರು. ವಾಣಿಶ್ರೀ ಆರಾಮವಾಗಿ ಉಸಿರಾಡುತ್ತಿದ್ದಳು. ನವಾಜ ಸಹಾಯಕ್ಕೆ ಹೋಗಲು ಹೆಜ್ಜೆ ಎತ್ತಿದವನು ಅಲ್ಲೇ ನಿಂತ.

ಪಂಚಾಯಿತಿಯ ಒಳಗಿಂದ ಯಾರೋ ಕೂಗಿದರು, "ಬಂತ್ರೀ!"

ಆಮೇಲೆ ನಾನು ಮಾಡಿಟ್ಟುಕೊಂಡಿದ್ದ ಮ್ಯಾಪು, ಚಾರ್ಟು ಎಲ್ಲ ತೆರೆದೆ. ನೋಡಿದರು, ಸರಿ. ಆದರೆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ವಾಣಿಶ್ರೀಯನ್ನು.

ಜುಲೈ 14, ಸೋಮವಾರ

ಬಂತು. ಸರ್ಕಾರದ ಆದೇಶ. ಹೆಬ್ಬಳ್ಳಿ, ಸುಳ್ಳ ಮತ್ತು ಸುತ್ತಲಿನ ಹಳ್ಳಿಗಳು ನಮಗೆ. ನಮ್ಮವರು ಶಾಲೆಯಿಂದ ಬರುವಾಗ ಫೇಡೆ ತಂದರು. ಈ ಸಲ ಪ್ರಶ್ನೆ ಇಲ್ಲ.

ಕುಬೇರಪ್ಪನವರಿಗೆ ಫೋನ್ ಮಾಡಿದೆ. "ಗೊತ್ತಾತು, ಗೊತ್ತಾತು. ನಮ್ಮ ವಾಣಿ ಈಗ ಮನ್ಯಾಗಿಲ್ಲ, ಡ್ಯೂಟಿ ಮ್ಯಾಲ ಹೋಗ್ಯಾಳ" ಅಂದರು. ಡ್ಯೂಟಿ ಅನ್ನುವಾಗ ದನಿ ಸ್ವಲ್ಪ ದೊಡ್ಡದಾಯಿತು. ಹತ್ತಿರ ಯಾರೋ ಕೂತಿರಬೇಕು.

ಜುಲೈ 21, ಸೋಮವಾರ. ಬೆಳಿಗ್ಗೆ

ಇವತ್ತಿನಿಂದ ಸುಳ್ಳದ ಹೆಣ್ಣುಮಕ್ಕಳಿಗೆ ಶೆಡ್ಡಿನಲ್ಲಿ ತರಬೇತಿ. ಪೂನಮ್, ಆರತಿ, ಇನ್ನೂ ಕೆಲವರು. ಕಲಿಸುವವಳು ವಾಣಿಶ್ರೀ. ನವಾಜ ನಿನ್ನೆಯೇ ಬೆಂಚು ಒರೆಸಿ ಇಟ್ಟಿದ್ದಾನೆ, ತನ್ನ ಮಗಳ ಮದುವೆಯೇನೋ ಎನ್ನುವ ಹಾಗೆ.

ಮಳೆ ಬಿಟ್ಟಿದೆ. ಚಹಾ ಇನ್ನೂ ಬಿಸಿ ಇದೆ. ಎಷ್ಟೋ ದಿನಗಳ ನಂತರ ಅವಸರವಿಲ್ಲದೆ ಬರೆಯುತ್ತಿದ್ದೇನೆ.

ಶೆಡ್ಡಿನ ಹೊರಗೆ ಸ್ಕೂಟಿ ಹಾರ್ನ್. ವಾಣಿಶ್ರೀ? ಹೆಬ್ಬಳ್ಳಿಯಿಂದ ತಾನೇ ಓಡಿಸಿಕೊಂಡು ಬಂದಳೇ? ಹಿಂದೆ ಯಾರೋ ಕೂತಿದ್ದಾರೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು... ಅಯ್ಯೋ, ಕುಬೇರಪ್ಪನವರು! ಉಳಿದದ್ದು ಆಮೇಲೆ.