ಸ್ಟೇರಿಂಗ್ ಕೆಳಗಿನ ಕಪ್ಪು ಡಬ್ಬಿ

ಜೇವರ್ಗಿ, ಸೋಮವಾರ

ಪ್ರೀತಿಯ ಮಗಳು ಮೈತ್ರಿಗೆ, ಜೈಭೀಮ್.

ನಿನ್ನ ಕಾರಿನ ಬ್ಯಾಟರಿ ಇಳಿಯಲು ಕಾರಣ ಸ್ಟೇರಿಂಗ್ ಕೆಳಗಿರುವ ಕಪ್ಪು ಡಬ್ಬಿ. ಗಾಡಿ ಎಲ್ಲಿದೆಯೆಂದು ಅದು ಸದಾ ನನ್ನ ಮೊಬೈಲಿಗೆ ತಿಳಿಸುತ್ತದೆ. ನೀನು ಅಫಜಲಪುರದ ಕೆಲಸಕ್ಕೆ ಸೇರಿದಾಗ, ನಿನಗೆ ಹೇಳದೆ, ನಾನೇ ಕೂಡಿಸಿದ್ದೆ.

ಮೊನ್ನೆ ಚೌಡಾಪುರದಲ್ಲಿ ಗಾಡಿ ನಿಂತಾಗ, ನೀನು ಫೋನಿನಲ್ಲಿ ಊರಿನ ಹೆಸರು ಹೇಳುವ ಮೊದಲೇ ನಾನು ಹೊರಟಿದ್ದೆ. "ಅಪ್ಪಾ, ಮನ್ಯಾಗ ಇಂಜಿನಿಯರ್ ಇದ್ದೂ ಗಾಡಿ ದಬ್ಬೂದೇನ್ರಿ? ನೀವಽ ನೋಡ್ರಿ" ಎಂದು ನಗುತ್ತಾ ನೀನು ಟಾರ್ಚ್ ಹಿಡಿದು ನಿಂತೆ. ನಾನು ಬ್ಯಾಟರಿ ಪರೀಕ್ಷಿಸುವ ಮೀಟರ್ ಹಿಡಿದು, ಗೊತ್ತಿದ್ದ ದೋಷವನ್ನು ಹುಡುಕುವವನಂತೆ ನಟಿಸಿದೆ.

ಡಬ್ಬಿಯ ಕೆಂಪು ತಂತಿಯನ್ನು ದಯವಿಟ್ಟು ನೀನೇ ಕಿತ್ತುಹಾಕು. ಇನ್ನು ಗಾಡಿ ಎಲ್ಲಿಯಾದರೂ ನಿಂತರೆ, ನಿನಗೆ ಮನಸ್ಸಿದ್ದರೆ, ಸ್ಥಳ ಹೇಳಿ ಕರೆ ಮಾಡು. ನೀನು ಹೇಳದೆ ನನಗೆ ತಿಳಿಯುವುದಿಲ್ಲ.

ನಿನ್ನ ತಂದೆ,
ಸೂರ್ಯಕಾಂತ