ಒಂದೇ ಜೋಡಿ ಕಣ್ಣು

ಕೊಟ್ಟೂರು
ಶನಿವಾರ, 19 ಜುಲೈ 2025

ಪ್ರೀತಿಯ ತಂಗಿ ಉಚ್ಚಂಗಿಗೆ,

ನಿನ್ನ ಅಣ್ಣ ಪಾಲಾಕ್ಷಪ್ಪನ ಆಶೀರ್ವಾದ. ನಾವು ಇಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಮಾಗಳದಲ್ಲಿ ನೀವು ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಕೇಳುವುದಂತೂ ಬಿಡಲಾರೆ. ನಿನ್ನ ಯಜಮಾನರು ಗಂಗಾಧರ್ ಅವರಿಗೆ ನಮಸ್ಕಾರ ತಿಳಿಸು. ತಿಳಿಸಲು ಮನಸ್ಸಾಗದಿದ್ದರೆ ಬಿಡು.

ತೀರಿಹೋದ ನಿನ್ನ ಕೂಸು ಪುಷ್ಪಳ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶಿವಲೀಲಾ ಇಲ್ಲಿಗೆ ಬಂದು ಇಪ್ಪತ್ತೆರಡು ದಿನವಾಯಿತು. ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಬರೆದು ಬರೆದು ಹರಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹರಿಯಲಿಲ್ಲ, ಬರೆದೇ ಇರಲಿಲ್ಲ. ಫೋನ್ ಮಾಡೋಣವೆಂದರೆ ನನ್ನ ನಂಬರ್ ನಿನಗೆ ತಲುಪದಂತೆ ಮಾಡಿಸಿದ್ದೀ. ನಿನ್ನ ಮಗಳು ಇಲ್ಲಿಯ ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ, ನಿನ್ನ ಮಾತನ್ನು ಒಪ್ಪಿಸಿದಳು: "ಮಾವಾ, ಅಮ್ಮ ಹೇಳ್ಯಾಳ. ಕಣ್ಣ ತೆರದಾನಲ್ಲ, ಅವನೇ ಮುಚ್ಚಲಿ. ಮುಚ್ಚಿ ಕೊಟ್ಟ ಮ್ಯಾಲೆ ಬೇಕಾದ್ರ ನಮ್ಮ ಹೊಸ್ತಿಲ ತುಳೀಲಿ, ಅಲ್ಲೀತನಕ ಬ್ಯಾಡ." ಹೇಳಿ ಮುಗಿಸಿದ ಮೇಲೆ ಅತ್ತಳು. ನಿಮ್ಮ ಅತ್ತಿಗೆ ಒಳಗಿನಿಂದ ನೀರು ತಂದರೆ ಕುಡಿಯಲಿಲ್ಲ.

ಅವಳನ್ನು ಬೈಯಬೇಡ. ಅವಳ ಕಾಲೇಜಿನವರು ಮನೆಯಲ್ಲೇ ಕುಳಿತು ಕಲಿಯುವ ಪಾಠ ಶುರುಮಾಡಿದರು, ಪ್ರಾಚೀನ ಈಜಿಪ್ಟಿನ ಕಲೆ ಎಂದು, ಹನ್ನೆರಡು ಭಾನುವಾರ, ಬೆಳಿಗ್ಗೆ ಹತ್ತರಿಂದ. ತಾನು ಸೇರಿದವಳು ನನ್ನನ್ನೂ ಎಳೆದಳು. "ಲೇ ಹುಡುಗಿ, ಆ ದೇಶದೋರು ಏನ್ ಬರದಾರ ಅಂತ ತಿಳ್ಕೊಂಡು ನಾ ಯಾರ ಮನಿ ಗೋಡಿ ಬರೀಲಿ?" ಎಂದೆ. "ಮಾವಾ, ನಲವತ್ತು ವರ್ಷ ಸತ್ತೋರ ಚಿತ್ರ ಬರದಿ. ಅವ್ರೂ ಸತ್ತೋರ ಚಿತ್ರಾನ ಬರದಾರ. ನೀ ಕೂತ್ಕೊ, ಏಳನೆತ್ತಿ ಓದಿದಾಂವ ಆದ್ರೇನಾತು, ಇದಕ್ಕ ಯಾರೂ ಸರ್ಟಿಫಿಕೇಟ್ ಕೇಳಂಗಿಲ್ಲ" ಎಂದಳು. ಈ ಹುಡುಗಿ ನನ್ನ ಕಸುಬಿಗೆ ಮರ್ಯಾದೆ ಕೊಟ್ಟಳಲ್ಲ ಎಂದು ಹಿಗ್ಗಿದೆ. ಮೊಬೈಲನ್ನು ಬಣ್ಣದ ಡಬ್ಬಿಗೆ ಒರಗಿಸಿ, ಕನ್ನಡಕ ಒರೆಸಿಕೊಂಡು ಕುಳಿತೆ.

ಮೊದಲ ವಾರವೇ ನನಗೆ ಹುಚ್ಚು ಹಿಡಿಯಿತು ತಂಗಿ. ಮೇಡಂ ಒಂದು ಗೋರಿಯ ಗೋಡೆ ತೋರಿಸಿದರು, ಕೆಲಸ ಅರ್ಧಕ್ಕೆ ನಿಂತದ್ದು. ಅದರ ಮೇಲೆ ಕೆಂಪು ಗೆರೆಯ ಚೌಕಗಳು! ಸಣ್ಣ ಫೋಟೋ ದೊಡ್ಡದು ಮಾಡುವಾಗ ನಾನು ಪೆನ್ಸಿಲ್ಲಿನಿಂದ ಹಾಕುವಂಥದೇ ಚೌಕ. ಮೂರು ಸಾವಿರ ವರ್ಷದ ಹಿಂದೆ ಯಾರೋ ನನ್ನಂತೆಯೇ ನಾಲಿಗೆ ಕಚ್ಚಿಕೊಂಡು ಚೌಕ ಎಣಿಸಿದ್ದಾನೆ. ಇನ್ನೊಂದು ವಾರ ಗಂಡ ಹೆಂಡತಿ ಜೋಡಿಯಾಗಿ ಕೂತ ಮೂರ್ತಿಗಳನ್ನು ತೋರಿಸಿದರು. ಕಣ್ಣಿಗೆ ಹರಳು ಕೂರಿಸಿದ್ದಾರೆ. ಗೋರಿ ಅಗೆದು ಒಳಗೆ ಹೋದ ಕೂಲಿಯವರು ದೀಪದ ಬೆಳಕಲ್ಲಿ ಆ ಕಣ್ಣು ಹೊಳೆದದ್ದು ಕಂಡು, ಸತ್ತವರು ಎದ್ದರೆಂದು ಬಿದ್ದು ಓಡಿದರಂತೆ. ಶಿಲ್ಪಿಗೆ ಆ ಜನ 'ಬದುಕಿಸುವವನು' ಎಂದೇ ಕರೆಯುತ್ತಿದ್ದರಂತೆ. ಆ ಮಾತು ಕೇಳಿ ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಯಾಕೆಂದರೆ ನಾನು ಮಾಡಿದ್ದೂ ಅದನ್ನೇ ಎಂದುಕೊಂಡೆ. ನಿನಗೆ ಗೊತ್ತಿರುವ ಸಂಗತಿಯೇ, ಆದರೂ ಬರೆಯುತ್ತೇನೆ. ಆಗ ನಮ್ಮ ಕಡೆ ಎಷ್ಟೋ ಜನ ಫೋಟೋ ತೆಗೆಸಿಕೊಳ್ಳದೆಯೇ ಸಾಯುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ ಮೇಲೆ ಯಾರೋ ಓಡಿಹೋಗಿ ಫೋಟೋದವನನ್ನು ಕರೆತರುತ್ತಿದ್ದರು. ಆ ಫೋಟೋ ನನ್ನ ಅಂಗಡಿಗೆ ಬರುತ್ತಿತ್ತು. ನಾನು ಮೂಗಿನ ಹತ್ತಿ ಅಳಿಸಿ, ಗದ್ದದ ಪಟ್ಟಿ ಅಳಿಸಿ, ಕಣ್ಣು ತೆರೆಸುತ್ತಿದ್ದೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನನಗೆ ಕಣ್ಣು ತೆರೆಸುವ ಪಾಲಾಕ್ಷಪ್ಪ ಎಂದೇ ಹೆಸರು. ಜನ ಫೋಟೋ ನೋಡಿ ಎದೆ ಬಡಿದುಕೊಂಡು ಅತ್ತರೆ ನನಗೆ ಕೆಲಸ ಸರಿಯಾಯಿತೆಂದು ಸಮಾಧಾನ.

ನೀನೂ ಹಾಗೇ ಅತ್ತವಳು. ಪುಷ್ಪಲತಾ ಎರಡೂವರೆ ವರ್ಷದ ಕೂಸು, ಮೂರು ದಿನದ ಜ್ವರದಲ್ಲಿ ಹೋದಳು. ಹಡಗಲಿಯ ಫೋಟೋದವನು ತೆಗೆದ ಆ ಒಂದೇ ಚಿತ್ರ. ಅದನ್ನು ನಾನು ದೊಡ್ಡದು ಮಾಡಿಸಿ, ಕಣ್ಣು ತೆರೆಸಿ ತಂದಾಗ ನೀನು ಎದೆಗೆ ಒತ್ತಿಕೊಂಡು, "ಅಣ್ಣಾ, ಅಕಿ ಕಣ್ಣ ಎಲ್ಲಿಂದ ತಂದಿಯೋ, ನನ್ನ ಕೂಸು ನನ್ನ ನೋಡಾಕತ್ತೇತಿ" ಎಂದೆ. ನಾನು, "ನನ್ನ ಸೊಸಿ ಕಣ್ಣ ನನಗ ಗೊತ್ತಿಲ್ಲೇನು?" ಎಂದೆ. ಗೊತ್ತಿರಲಿಲ್ಲ. ಅವಳನ್ನು ನಾನು ನೋಡಿದ್ದೇ ಎರಡು ಸಲ, ಅದರಲ್ಲಿ ಒಂದು ಸಲ ಅವಳು ಮಲಗಿದ್ದಳು. ಆ ಸುಳ್ಳು ಹೇಳಿ ನಿನ್ನ ಕೈಯ ಊಟ ಮಾಡಿ ಬಂದೆ. ಆಮೇಲೆ ಬಂದಾಗಲೆಲ್ಲ ನೋಡುತ್ತಿದ್ದೆ, ನೀನು ತಲೆ ಬಾಚಿಕೊಳ್ಳುತ್ತ ಅವಳೊಂದಿಗೆ ಮಾತಾಡುವುದನ್ನು, ಗಂಡನ ಮೇಲೆ ಸಿಟ್ಟು ಬಂದರೆ ಮೊದಲು ಫೋಟೋವನ್ನು ಗೋಡೆಯ ಕಡೆ ತಿರುಗಿಸಿ, "ಅಕಿ ನೋಡ್ತಾಳ, ತಡೀರಿ" ಎಂದು ಆಮೇಲೆ ಜಗಳ ತೆಗೆಯುವುದನ್ನು. ನಗು ಬರುತ್ತಿತ್ತು. ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಈಗ ಆ ಭಾನುವಾರದ ವಿಷಯ. ಆ ದಿನ ಮೇಡಂ ಈಜಿಪ್ಟಿನವರ ಕಣ್ಣಿನ ಪಾಠ ಮಾಡಿದರು. ಅವರು ಮುಖವನ್ನು ಪಕ್ಕದಿಂದ ಬರೆಯುತ್ತಾರೆ, ಕಣ್ಣನ್ನು ಮಾತ್ರ ಎದುರಿನಿಂದ. ರಾಜನಿಗೂ ಅದೇ ಕಣ್ಣು, ಬಾತುಕೋಳಿ ಹಿಡಿದವನಿಗೂ ಅದೇ ಕಣ್ಣು. "ಎಲ್ಲರಿಗೂ ಒಂದೇ ಕಣ್ಣು ಬರೆದರೆ ಸತ್ತವರ ಗುರುತು ಹೇಗೆ ಉಳಿಯುತ್ತಿತ್ತು, ಯಾರಾದರೂ ಹೇಳಿ" ಎಂದು ಕೇಳಿದರು. ಪಕ್ಕದಲ್ಲಿ ಹೆಸರು ಬರೆಯುತ್ತಿದ್ದರು ಎನ್ನುವುದು ಸರಿಯುತ್ತರ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಇವತ್ತು ನಾನು ನಿನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಎಪ್ಪತ್ತು ಜನ ಓದಿದವರು ಕುಳಿತಿದ್ದರು. ನಾನು ಎಂದೂ ಬಾಯಿ ತೆರೆದವನಲ್ಲ. ಅಂದು ತೆರೆದೆ.

"ಮೇಡಂರ, ಗುರ್ತಾ ಗಿರ್ತಾ ಏನಿಲ್ರಿ" ಎಂದೆ. "ನೋಡೋರು ತಮ್ಮೋರ್ನ ಅದರಾಗ ಹುಡಿಕ್ಕೊಂತಾರ್ರಿ. ಕಸುಬು ಕಲಿಸಿದ ಹರಪನಹಳ್ಳಿ ರಾಮಣ್ಣ ಮಾಸ್ತರ ನನಗ ಒಂದು ಟ್ರೇಸಿಂಗ್ ಹಾಳಿ ಕೊಟ್ಟಿದ್ದ. ಅದರಾಗ ಒಂದು ಜೋಡಿ ಕಣ್ಣು, ಸೂಜೀಲೆ ತೂತು ಹೊಡದದ್ದು. ಫೋಟೋದ ಮ್ಯಾಲೆ ಇಡೋದು, ಇದ್ದಿಲ ಪುಡಿ ಉದುರ್ಸೋದು, ಕಣ್ಣು ಮೂಡ್ತಾವು. ನಾನೂರು ಹೆಣಕ್ಕ ಅದೇ ಕಣ್ಣು ಬರದೀನ್ರಿ. ಗಂಡಸ್ರಿಗೂ ಅದೇ, ಹೆಂಗಸ್ರಿಗೂ ಅದೇ. ನನ್ನ ಖಾಸಾ ತಂಗಿ ಮಗಳಿಗೂ ಅದೇ ಇಟ್ಟೀನಿ. ಆಕಿ ಇನ್ನೂ ಮಗಳು ನೋಡ್ತಾಳ ಅಂತ ಅದರ ಕೂಡ ಮಾತಾಡ್ತಾಳ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಡಂ ಚಪ್ಪಾಳೆ ತಟ್ಟಿದರು. ಶಿವಲೀಲಾಳ ಚೌಕ ಮಾತ್ರ ಥಟ್ಟನೆ ಕಪ್ಪಾಯಿತು, ಅವಳು ಕ್ಯಾಮೆರಾ ಮುಚ್ಚಿದ್ದಳು. ಕರೆಂಟು ಹೋಯಿತೇನೋ ಎಂದುಕೊಂಡೆ.

ಕಾಲೇಜಿನವರು ನನ್ನ ಮಾತಿನ ವಿಡಿಯೋ ತುಣುಕನ್ನು ಇಂಟರ್ನೆಟ್ಟಿನಲ್ಲಿ ಜನರಿಗೆ ಬಿಟ್ಟರು. ಒಂದು ವಾರದ ಮೇಲೆ ಮೇಡಂ ಫೋನ್ ಮಾಡಿ, "ಸರ್, ನಿಮ್ಮ ಮಾತು ಒಂಬತ್ತು ಸಾವಿರ ಜನ ನೋಡಿದ್ದಾರೆ" ಎಂದು ಸಂತೋಷದಿಂದ ಹೇಳಿದರು. ಪಾಪ, ಆಕೆಗೇನು ಗೊತ್ತು. ತೆಗೆಯಿರಿ ಎಂದೆ, ತೆಗೆದರು. ಅಷ್ಟರಲ್ಲಿ ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ನಿಮ್ಮ ಓಣಿಯ ಪಾಲಮ್ಮನ ಕೈ ಸೇರಿತ್ತು. ಮುಂದಿನದನ್ನು ಶಿವಲೀಲಾ ಹೇಳಿದಳು. ಪಾಲಮ್ಮನ ಮಾವ ಮೀಸೆ ನಾಗೇಂದ್ರಪ್ಪನ ಫೋಟೋ ಕೂಡ ನನ್ನದೇ ಕೆಲಸ. ಆಕೆ ನಲ್ಲಿಯ ಹತ್ತಿರ, ನಾಲ್ಕು ಹೆಂಗಸರ ಮುಂದೆ, "ಉಚ್ಚಂಗೆವ್ವಾ, ನಿನ್ನ ಮಗಳು ನಮ್ಮ ಮಾವನ ಮೀಸಿ ಹಚ್ಕೊಂಡು ಗ್ವಾಡಿ ಮ್ಯಾಗ ಕುಂತಾಳ, ಬಾರವ್ವ ನೋಡಬಾ, ತುತ್ತು ಉಣಿಸಿ ಹೋಗು" ಎಂದಳಂತೆ. ಮತ್ತೊಬ್ಬಳು, "ಬರೇ ಅಲ್ಲೇನಬೇ, ನಮ್ಮ ಮನ್ಯಾಗೂ ಅದಾಳ, ಊರ ತುಂಬಾ ಅದಾಳ, ಉಚ್ಚಂಗೆವ್ವ ಎಷ್ಟು ಹಡದಾಳ ಎಣಿಸ್ರಿ" ಎಂದಳಂತೆ. ಕೊಡ ಅಲ್ಲೇ ಬಿಟ್ಟು ನೀನು ಮನೆಗೆ ಹೋಗಿ, ದೇವರ ಜಗಲಿಯಿಂದ ಫೋಟೋ ಇಳಿಸಿ ಸೆರಗಿನಲ್ಲಿ ಹಿಡಿದು, ನನ್ನ ಕೆಲಸವಿದ್ದ ಮನೆಗಳಿಗೆಲ್ಲ ಒಬ್ಬಳೇ ಹೋದೆಯಂತೆ. ಪ್ರತಿ ಮನೆಯಲ್ಲೂ ಪುಷ್ಪಳನ್ನು ಸತ್ತವರ ಪಕ್ಕ ಹಿಡಿದು ನೋಡಿದೆಯಂತೆ. ಐದನೆಯ ಮನೆಯ ಕಟ್ಟೆಯ ಮೇಲೆ ಕುಳಿತವಳನ್ನು ಗಂಗಾಧರ್ ಬಂದು ಎಬ್ಬಿಸಿಕೊಂಡು ಹೋಗಬೇಕಾಯಿತಂತೆ.

ಇದನ್ನೆಲ್ಲ ನಿನಗೇ ಯಾಕೆ ಬರೆಯುತ್ತಿದ್ದೇನೆ? ನೀನು ಅನುಭವಿಸಿದ್ದು ನನಗೆ ತಿಳಿದಿದೆ ಎಂದು ನಿನಗೆ ಗೊತ್ತಾಗಲಿ ಎಂದು. ತಿಳಿಯದೆ ಆಡಿದೆ ಎಂದು ಹೇಳಿ ಪಾರಾಗಲಾರೆ. ಇಪ್ಪತ್ತೇಳು ವರ್ಷ ನಿನ್ನಿಂದ ಮುಚ್ಚಿಟ್ಟದ್ದನ್ನು ಎಪ್ಪತ್ತು ಜನ ಅಪರಿಚಿತರನ್ನು ನಗಿಸುವುದಕ್ಕಾಗಿ ಬಿಟ್ಟುಕೊಟ್ಟೆ. ಅವರಲ್ಲಿ ಒಬ್ಬರಾದರೂ ನನ್ನನ್ನು ಕಲಾವಿದ ಎನ್ನಲಿ ಎಂಬ ಆಸೆಯಿತ್ತು. ಅಂದರು ಕೂಡ. ಕೊನೆಯ ಎಂಟು ಪಾಠಕ್ಕೆ ನಾನು ಕೂರಲಿಲ್ಲ. ರಾಮಣ್ಣ ಮಾಸ್ತರ ಹಾಳೆಯನ್ನು ಒಲೆಗೆ ಹಾಕಿದೆ. ನಿಮ್ಮ ಅತ್ತಿಗೆ, "ಈಗ ಸುಟ್ರ ಏನ್ ಬಂತು, ಕೊಟ್ಟ ಕಣ್ಣ ಎಲ್ಲಾರ ಮನ್ಯಾಗ ತೆರಕೊಂಡೇ ಅದಾವ" ಎಂದಳು. ಆಕೆಯೂ ನನ್ನೊಂದಿಗೆ ಹೆಚ್ಚು ಮಾತಾಡುತ್ತಿಲ್ಲ.

ನೀನು ಹೇಳಿದಂತೆ ಮಾಡಿದ್ದೇನೆ. ನಾಳೆ ಶಿವಲೀಲಾ ಬಂದು ಫೋಟೋ ಒಯ್ಯುತ್ತಾಳೆ. ಪುಷ್ಪಳ ಕಣ್ಣು ಮುಚ್ಚಿದೆ. ನಲವತ್ತು ವರ್ಷದಲ್ಲಿ ಕಣ್ಣು ಮುಚ್ಚಿದ್ದು ಇದೇ ಮೊದಲು, ತೆರೆಯುವುದಕ್ಕಿಂತ ಕಷ್ಟದ ಕೆಲಸ. ರೆಪ್ಪೆಯ ಕೂದಲು ಒಂದೊಂದಾಗಿ ಬರೆದಿದ್ದೇನೆ. ಕೂಸು ಉಂಡು ಮಲಗಿದಂತೆ ಕಾಣುತ್ತದೆ. ಗಾಜು ಹೊಸದು ಹಾಕಿಸಿದ್ದೇನೆ, ಒದ್ದೆ ಬಟ್ಟೆಯಿಂದ ಒರೆಸಬೇಡ.

ನಾನು ನಿನ್ನ ಹೊಸ್ತಿಲಿಗೆ ಬರುತ್ತೇನೆಂದು ಹೇಳುತ್ತಿಲ್ಲ. ಕರೆದರೆ ಬರುತ್ತೇನೆ. ಶಿವಲೀಲಾ ಚೆನ್ನಾಗಿ ಓದಲಿ, ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ನಿಮ್ಮಿಬ್ಬರ ಬಾಳು ತಣ್ಣಗಿರಲಿ. ಹಿರಿಯನಾಗಿ ಹರಸುವುದೊಂದನ್ನು ಬೇಡವೆನ್ನಬೇಡ.

ಇಂತಿ ನಿನ್ನ ಒಡಹುಟ್ಟಿದ,
ಪಾಲಾಕ್ಷಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಅಷ್ಟೇ ಅಲ್ಲ. ಮುಚ್ಚಲು ಹೊಸ ಬಣ್ಣ ಯಾಕೆ, ನನ್ನ ಬಣ್ಣ ತೆಗೆದರೆ ಅದರಡಿಯಲ್ಲಿ ಅವಳದೇ ಮುಚ್ಚಿದ ಕಣ್ಣಿದೆಯಲ್ಲ, ಅದನ್ನೇ ನಿನಗೆ ಕೊಡೋಣ ಎಂದುಕೊಂಡು ಒದ್ದೆ ಹತ್ತಿ ಹಿಡಿದು ಕುಳಿತೆ. ಎಡಗಣ್ಣಿನ ಬಣ್ಣ ಹೋಯಿತು, ಕೆಳಗೆ ರೆಪ್ಪೆ ಮುಚ್ಚಿತ್ತು. ಬಲಗಣ್ಣು ಮುಚ್ಚಿರಲಿಲ್ಲ, ಉಚ್ಚಂಗಿ. ಅಕ್ಕಿಕಾಳಿನಷ್ಟು ತೆರೆದಿತ್ತು. ಒಳಗೆ ಅವಳದೇ ಕಣ್ಣು, ತಿಳಿ ಬಣ್ಣದ್ದು, ನಿನ್ನದರಂತೆಯೇ. ನೋಡಿದ ಕೂಡಲೇ ನೆನಪಾಯಿತು, ಅದನ್ನು ನಾನು ಆಗಲೂ ನೋಡಿದ್ದೆ. ಅರೆತೆರೆದ ಕಣ್ಣು ಯಾರಿಗೂ ಹಿಡಿಸುವುದಿಲ್ಲ ಎಂದು ಮೊದಲು ಅದರ ಮೇಲೆ ದಪ್ಪಗೆ ಬಿಳಿ ಬಳಿದು, ಆಮೇಲೆ ಹಾಳೆ ಇಟ್ಟಿದ್ದೆ. ಸರಿಯಾಗಿ ಕಾಣಲಿ ಎಂದು ಈಗ ಇನ್ನೊಂದು ಸಲ ಒರೆಸಿದೆ. ಹಳೆಯ ಪ್ರಿಂಟು, ನೀರು ಕುಡಿದು ಮೆತ್ತಗಾಗಿತ್ತು, ಚಿತ್ರವೇ ಹತ್ತಿಗೆ ಅಂಟಿ ಎದ್ದು ಬಂತು. ಹಡಗಲಿಯ ಆ ಸ್ಟುಡಿಯೋ ಮುಚ್ಚಿ ಹದಿನೈದು ವರ್ಷವಾಯಿತು, ನೆಗೆಟಿವ್ ಇಲ್ಲ. ನಾನು ಬಲಗಡೆಯ ರೆಪ್ಪೆ ಬರೆದದ್ದು ಬರೀ ಬಿಳಿ ಕಾಗದದ ಮೇಲೆ.