ಗೋಡೆಯ ಮೇಲಿನ ಫಾರ್ಮಸಿಸ್ಟ್

ಎನ್. ಬೇಗೂರು
ಶುಕ್ರವಾರ, ೧೪ ನವೆಂಬರ್ ೨೦೨೫

ಗುರುಪುರದ ಮೆಡಿಕಲ್ ಸ್ಟೋರಿನ ಯಜಮಾನರಾದ ನನ್ನವರಿಗೆ,

ನಿಮ್ಮ ರಮ್ಯಶ್ರೀ ಮಾಡುವ ನಮಸ್ಕಾರ. ದಿನವಿಡೀ ಪುಕ್ಕಟೆ ಫೋನ್ ಮಾಡಬಹುದಾದ ಈ ಕಾಲದಲ್ಲಿ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಗಬೇಡಿ. ಇಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಹತ್ತಿ ನಿಂತು ಮಾತು ತೆಗೆಯುವಷ್ಟರಲ್ಲಿ ನೀವು "ಒಂದ್ನಿಮ್ಸ ಕಣೆ, ಗಿರಾಕಿ ಬಂದವ್ರೆ" ಎಂದು ಫೋನನ್ನು ಕೌಂಟರಿನ ಮೇಲೆ ಇಟ್ಟುಬಿಡುತ್ತೀರಿ. ಮೊನ್ನೆ ಹಾಗೇ ಟ್ಯಾಂಕಿನ ಮೇಲೆ ನಿಂತು, ನೀವು ಯಾವುದೋ ಅಜ್ಜಿಗೆ "ಉಂಡಾದ್ ಮ್ಯಾಲೆ ತಕ್ಕೋ ಕಣವ್ವ, ಬರೀ ಹೊಟ್ಟೇಲಿ ನುಂಗ್ಬುಟ್ಟೀಯ" ಎಂದು ಹೇಳುವುದನ್ನು ಕೇಳಿಸಿಕೊಂಡೆ. ಎಷ್ಟು ಅಕ್ಕರೆಯಿಂದ ಹೇಳಿದಿರಿ! ಆಮೇಲೆ ನನ್ನನ್ನು ಮರೆತೇಬಿಟ್ಟಿರಿ. ಕಾಗದವಾದರೆ ಪರವಾಗಿಲ್ಲ, ಕೌಂಟರಿನ ಮೇಲೆ ಇಟ್ಟರೂ ಗಿರಾಕಿ ಹೋಗುವ ತನಕ ಕಾಯುತ್ತದೆ.

ನಿಮ್ಮ ಮೆಸೇಜ್ ಸಿಕ್ಕಿತು. ಬುಧವಾರ ಡ್ರಗ್ಸ್ ಇನ್‌ಸ್ಪೆಕ್ಟರ್ ನಮ್ಮ ಕಡೆ ಬರುತ್ತಾರಂತೆ, ಮಂಗಳವಾರ ಸಂಜೆಯೊಳಗೆ ನಾನು ಬಂದುಬಿಡಬೇಕಂತೆ. ಅಮ್ಮ ಹೇಗಿದ್ದಾಳೆ ಎಂದು ಅದರಲ್ಲಿ ಕೇಳಿರಲಿಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನ್ನನ್ನೇ ಬೈದುಕೊಂಡೆ. ಅಮ್ಮನಿಗೆ ಬರೀ ಸುಸ್ತು, ಒಂದು ವಾರ ಇದ್ದು ಬರುತ್ತೇನೆ ಎಂದು ನಿಮಗೆ ಹೇಳಿದವಳು ನಾನೇ ತಾನೆ? ಅದು ಸುಳ್ಳು. ನಿಜವೇನೆಂದು ಮುಂದೆ ಬರೆಯುತ್ತೇನೆ.

ಅದಕ್ಕೆ ಮೊದಲು ನಿಮಗೆ ಗೊತ್ತಿರುವುದನ್ನೇ ಒಂದಿಷ್ಟು ಬರೆಯುತ್ತೇನೆ, ಸಹಿಸಿಕೊಳ್ಳಿ. ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಬಾಯಿಬಿಟ್ಟು ಆಡದ ಮಾತು ಇದು. ನನ್ನನ್ನು ನೋಡಲು ಬಂದ ದಿನ ಮಾವನವರು ಜಾತಕ ಕೇಳುವ ಮೊದಲೇ "ಡಿ.ಫಾರ್ಮ ಮುಗ್ದದೆ, ಸರಿ. ರಿಜಿಸ್ಟ್ರೇಷನ್ ಆಗದಾ?" ಎಂದು ಕೇಳಿದರು. ನಮ್ಮಪ್ಪನಿಗೆ ಹಿಗ್ಗೋ ಹಿಗ್ಗು. ಮಗಳ ಓದಿಗೆ ಇಷ್ಟು ಬೆಲೆ ಕೊಡುವ ಬೀಗರು ಎಲ್ಲಿ ಸಿಗುತ್ತಾರೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಔಷಧಿ ಅಂಗಡಿಗೆ ಲೈಸೆನ್ಸ್ ಬೇಕಾದರೆ ಓದಿ ನೋಂದಣಿಯಾದ ಫಾರ್ಮಸಿಸ್ಟ್ ಇರಲೇಬೇಕು, ನಿಮ್ಮದು ಪಿಯುಸಿಗೇ ನಿಂತಿದೆ, ಮೊದಲು ಹೆಸರು ಕೊಟ್ಟಿದ್ದವರು ಕೈಬಿಟ್ಟು ಹೋಗಿದ್ದಾರೆ ಎಂಬುದೆಲ್ಲ ನನಗೆ ಮದುವೆಯಾದ ಮೇಲೆ ತಿಳಿಯಿತು.

ಸರ್ಟಿಫಿಕೇಟಿಗೆ ನನ್ನ ಫೋಟೋ ಸಮೇತ ಗಾಜಿನ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತಗುಲಿಹಾಕಿದಿರಿ. ನಾನು ಹಿಂದಿನ ಬೀದಿಯ ಮನೆಯಲ್ಲಿ ಒಲೆಯ ಮುಂದೆ ನಿಂತೆ. ಈ ಸಲದ ಆಯುಧಪೂಜೆ ನೆನಪಿದೆಯಲ್ಲ? ಬೀಗ, ಕ್ಯಾಲ್ಕುಲೇಟರು, ಫ್ರಿಜ್ಜು ಎಲ್ಲಕ್ಕೂ ಕುಂಕುಮ ಇಡುತ್ತಾ ಇಡುತ್ತಾ ಆ ಭರದಲ್ಲಿ ನನ್ನ ಕಟ್ಟಿಗೂ ಸೇವಂತಿಗೆ ಹಾರ ಹಾಕಿಬಿಟ್ಟಿರಿ. ಅತ್ತೆ ಓಡಿಬಂದು "ಬದ್ಕಿರೋಳ ಫೋಟೋಕ್ ಹಾರ ಹಾಕಿದ್ದೀಯಲ್ಲೋ, ತೆಗಿಯೋ ಮೊದ್ಲು" ಎಂದು ಬೈದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಪಾತ್ರೆ ಉಜ್ಜುವಾಗ ಅಳು ಬಂತು. ಯಾಕೆಂದು ಆಗ ಗೊತ್ತಾಗಲಿಲ್ಲ, ಈಗ ಗೊತ್ತಾಗಿದೆ.

ಅಂಗಡಿಯಲ್ಲಿ ಕೂರುತ್ತೇನೆಂದು ನಾನು ಕೇಳದೆ ಇರಲಿಲ್ಲ. ಮೊದಲ ವರ್ಷ ನಾಲ್ಕು ದಿನ ಕೂರಿಸಿಕೊಂಡಿರಿ. ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ದೊಡ್ಡ ಕಂಪನಿಯ ಮಾತ್ರೆಯ ಬದಲು ಅದೇ ಔಷಧಿಯ ಕಡಿಮೆ ಬೆಲೆಯ ಮಾತ್ರೆ ಕೊಟ್ಟೆ. ಅದೇ ಕೆಲಸ ಮಾಡುತ್ತದೆ, ಡಬ್ಬಿಯ ಮೇಲಿನ ಹೆಸರು ಮಾತ್ರ ಬೇರೆ ಎಂದು ಒಬ್ಬೊಬ್ಬರಿಗೂ ವಿವರಿಸಿದೆ. ಐದನೆಯ ದಿನ ನೀವು "ನೀನು ಹಿಂಗೇ ಕಮ್ಮೀದ್ ಕೊಟ್ರೆ ಅಂಗ್ಡಿ ಬಾಡ್ಗೆ ಯಾರ್ ಕಟ್ತಾರೆ ಕಣೆ? ಮನೇಲಿರು ಬುಡು" ಎಂದಿರಿ. ಬೈದು ಹೇಳಲಿಲ್ಲ, ಮಸಾಲೆದೋಸೆ ಕಟ್ಟಿಸಿಕೊಂಡು ಬಂದು ಹೇಳಿದಿರಿ. ಅದಕ್ಕೇ ಜಗಳವಾಡಲು ಆಗಲಿಲ್ಲ.

ಆಮೇಲೆ ನನ್ನ ಕೆಲಸ ಇಷ್ಟೇ ಆಯಿತು. ಇನ್‌ಸ್ಪೆಕ್ಟರ್ ಹುಣಸೂರು ಬಿಟ್ಟರು ಎಂದು ಯಾರೋ ನಿಮಗೆ ಫೋನ್ ಮಾಡಬೇಕು, ನೀವು ನನಗೆ ಮಾಡಬೇಕು, ನಾನು ರುಬ್ಬುತ್ತಿದ್ದ ಕೈ ತೊಳೆದು ಹಿತ್ತಲ ದಾರಿಯಲ್ಲಿ ಓಡಿ ಬಂದು ಬಿಳಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂರಬೇಕು. ಪಾಪ, ಆ ಸಾಹೇಬರು ಒಳ್ಳೆಯವರು. ಪ್ರತಿ ಸಲವೂ ನನ್ನ ಮುಖ ನೋಡಿ, ಗೋಡೆಯ ಫೋಟೋ ನೋಡಿ, "ದಿನಾ ನೀವೇ ಕೂರ್ತೀರೇನಮ್ಮ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಹೌದು ಸಾರ್" ಎನ್ನುತ್ತೇನೆ. ಅವರು ರುಜು ಹಾಕಿ ಹೋಗುತ್ತಾರೆ, ನಾನು ಕೋಟು ಬಿಚ್ಚಿ ಮೊಳೆಗೆ ಹಾಕಿ ಉಳಿದ ಚಟ್ನಿ ರುಬ್ಬಲು ಹೋಗುತ್ತೇನೆ.

ಈಗ ಅಮ್ಮನ ವಿಷಯ. ಅಮ್ಮನಿಗೆ ಲಕ್ವ ಹೊಡೆದಿದೆ. ಬಲಗೈ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ. ಕೋಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು "ಬಿಪಿ ಮಾತ್ರೆ ನಿಲ್ಲಿಸಿದ್ರಾ?" ಎಂದು ಕೇಳಿದಾಗ ನಾನು ಜಂಬದಿಂದಲೇ, ನನ್ನ ಗಂಡನದೇ ಮೆಡಿಕಲ್ ಸ್ಟೋರು ಸಾರ್, ತಿಂಗಳು ತಿಂಗಳು ತಪ್ಪದೆ ಕಳಿಸುತ್ತಾರೆ ಎಂದೆ. ಮನೆಗೆ ಬಂದು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ನೋಡಿದರೆ ಮಾತ್ರೆಗಳೆಲ್ಲ ಅರ್ಧರ್ಧ ತುಂಡು. ಎಲೆ ಅಡಿಕೆಗೆ ಇಟ್ಟುಕೊಂಡಿದ್ದ ಅಡಿಕೆ ಕತ್ತರಿಯಲ್ಲೇ ಕತ್ತರಿಸಿದ್ದಾಳೆ. ಹೋದ ಯುಗಾದಿಯ ಹೊತ್ತಿಗೆ ಇಲ್ಲಿನ ಡಾಕ್ಟರು ದಿನಕ್ಕೊಂದು ಇದ್ದದ್ದನ್ನು ಎರಡು ಮಾಡಿದ್ದರಂತೆ. ನೀವು ಕಳಿಸುತ್ತಿದ್ದದ್ದು ಮೊದಲಿನಷ್ಟೇ. ಇನ್ನೊಂದು ಶೀಟು ಬೇಕೆಂದು ಅವಳು ಯಾರಿಗೂ ಹೇಳಲಿಲ್ಲ. ಇದ್ದುದನ್ನೇ ತುಂಡು ಮಾಡಿ, ಬೆಳಿಗ್ಗೆ ಅರ್ಧ ಸಂಜೆ ಅರ್ಧ ನುಂಗಿ, ಎರಡು ಹೊತ್ತು ತೆಗೆದುಕೊಂಡೆ ಎಂದು ಸಮಾಧಾನ ಮಾಡಿಕೊಂಡಿದ್ದಾಳೆ.

ಯಾಕಮ್ಮ ಕೇಳಲಿಲ್ಲ ಎಂದರೆ ತೊದಲುತ್ತಾ ಏನು ಹೇಳಿದಳು ಗೊತ್ತೇ? "ಪುಕ್ಸಟ್ಟೆ ಕಳ್ಸೋ ಅಳಿಯಂದ್ರ ತಾವ ಇನ್ನೊಂದ್ ಶೀಟ್ ಕೊಡಿ ಅಂತ ಎಂಗ್ ಕೇಳದು ಮಗ? ಅತ್ತೆ ಮನೇಲಿ ನಿಂಗೆ ಮಾತ್ ಬರಾಕಿಲ್ವಾ?" ಎಂದಳು. ನನಗೆ ಮಾತು ಬರಬಾರದೆಂದು ಅವಳು ತನ್ನ ಕೈಯನ್ನೇ ಕೊಟ್ಟಳು. ನಾನು ಫಾರ್ಮಸಿಸ್ಟ್. ಆ ಅಂಗಡಿಯಲ್ಲಿ ನಾನು ನಿಜವಾಗಿ ಕೂತಿದ್ದರೆ ನನ್ನ ಕೈಯಾರೆ ಮಾತ್ರೆ ಕಟ್ಟಿ ಕಳಿಸುತ್ತಿದ್ದೆ, ಚೀಟಿ ಕೇಳುತ್ತಿದ್ದೆ, ಡಾಕ್ಟರು ಏನೆಂದರು ಎಂದು ವಿಚಾರಿಸುತ್ತಿದ್ದೆ. ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ನೀವು ಬೇಕೆಂದು ಮಾಡಿದ್ದಲ್ಲ ಎಂಬುದೂ ಗೊತ್ತು. ಅದೇ ಕಷ್ಟ, ಸಿಟ್ಟನ್ನು ಯಾರ ಮೇಲೂ ನೆಟ್ಟಗೆ ಕಾರಲು ಆಗುವುದಿಲ್ಲ.

ಇದು ಅಮ್ಮನೊಬ್ಬಳ ಕಥೆಯೂ ಅಲ್ಲ. ಅವಳನ್ನು ನೋಡಲು ಬಂದವರಿಗೆಲ್ಲ ನಿಮ್ಮ ಮಾತ್ರೆ ತಂದು ತೋರಿಸಿ ಎಂದೆ. ಪಕ್ಕದ ಮನೆಯ ಮಂಚಯ್ಯ ಅನ್ನ ಉಂಡ ದಿನ ಮಾತ್ರ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾನಂತೆ. ಮುದ್ದೆ ಉಂಡ ದಿನ ಉಳಿತಾಯವಂತೆ. ಮಲ್ಲಾಜಮ್ಮ ಮತ್ತು ಅವಳ ವಾರಗಿತ್ತಿ ಒಂದೇ ಶೀಟನ್ನು ಹಂಚಿಕೊಳ್ಳುತ್ತಾರೆ. ಇವರು ತೆಗೆದುಕೊಳ್ಳುವ ಮಾತ್ರೆಯೇ ಕೋಟೆಯ ಜನೌಷಧಿ ಅಂಗಡಿಯಲ್ಲಿ ಕಾಲು ಭಾಗದ ಬೆಲೆಗೆ ಸಿಗುತ್ತದೆ ಎಂದು ಹೇಳಿದರೆ ಮಲ್ಲಾಜಮ್ಮ "ಬಸ್ಸೇನೋ ಹೆಂಗಸ್ರಿಗೆ ಫ್ರೀ ಕಣವ್ವ, ಒಂದಿನದ ಕೂಲಿ ಫ್ರೀಯಾ?" ಎಂದಳು. ಸಂಜೆ ಬಸ್ಸು ತಪ್ಪಿದರೆ ಕಾಡಿನ ರಸ್ತೆ, ಆನೆ. ಯಾರು ಹೋಗುತ್ತಾರೆ?

ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ ಚೆಲುವಮ್ಮ ನಿಮಗೆ ಗೊತ್ತಲ್ಲ, ನಮ್ಮ ಮದುವೆಯಲ್ಲಿ ಪಾಯಸ ಸಾಲಲಿಲ್ಲವೆಂದು ಜಗಳ ತೆಗೆದಿದ್ದವರು. ಅವರು ಮೊನ್ನೆ ಬಂದು ನನ್ನ ಪಕ್ಕ ಕೂತರು. ಡೈರಿಯ ಹಿಂದಿನ ಕೋಣೆ ಖಾಲಿ ಇದೆಯಂತೆ. ಕಡಿಮೆ ಬೆಲೆಯ ಔಷಧಿ ಅಂಗಡಿ ಇಡಲು ಸಂಘದವರೆಲ್ಲ ಒಪ್ಪಿದ್ದಾರಂತೆ. "ಫ್ರಿಜ್ಜೂ ತಕ್ಕೊಡ್ತೀವಿ, ಔಷ್ದಿ ಇಡಾಕ್ ಬೀರೂನೂ ತಕ್ಕೊಡ್ತೀವಿ. ಓದಿರೋರು ಒಬ್ರೂ ಈ ಕಾಡಿಗೆ ಬರಾಕಿಲ್ಲ ಅಂತಾರೆ. ನಮ್ಮನೆ ಮಗಳೇ ಅದನ್ನ ಓದ್ಕೊಂಡು ಕುಂತವ್ಳೆ. ನೀನೇ ಕೂತ್ಕೊ ಕಣವ್ವ" ಎಂದರು. ನಿಜ ಹೇಳಲೇ, ಮದುವೆಯಾದ ಮೇಲೆ ನನ್ನ ಓದನ್ನು ಯಾರಾದರೂ ನನ್ನಿಂದಲೇ ಕೇಳಿದ್ದು ಅದೇ ಮೊದಲು.

ಮಾರನೆಯ ದಿನವೇ ಟ್ಯಾಂಕ್ ಹತ್ತಿ, ಅರ್ಜಿ ಹೇಗೆ ಹಾಕುವುದೆಂದು ಮೈಸೂರಿನ ಔಷಧ ನಿಯಂತ್ರಣ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ನನ್ನ ರಿಜಿಸ್ಟ್ರೇಷನ್ ನಂಬರ್ ಒತ್ತಿ ನೋಡಿ, "ನೀವು ಗುರುಪುರದಲ್ಲಿ ಕೆಲಸ ಮಾಡ್ತಾ ಇದೀರಲ್ಲ ಮೇಡಂ, ಒಬ್ಬರಿಗೆ ಒಂದೇ ಅಂಗಡಿ" ಎಂದಳು. ಕಾಲ ಕೆಳಗೆ ಬೇಗೂರಿನ ಟ್ಯಾಂಕು, ಎದುರಿಗೆ ಬೇಗೂರಿನ ಡೈರಿ, ಸರ್ಕಾರದ ಲೆಕ್ಕದಲ್ಲಿ ನಾನು ಗುರುಪುರದ ಕುರ್ಚಿಯಲ್ಲಿದ್ದೇನೆ. ಇದನ್ನು ಬರೆಯುತ್ತಿರುವ ಈ ಗಳಿಗೆಯಲ್ಲೂ ಅಲ್ಲೇ ಇದ್ದೇನೆ. ಆ ಕುರ್ಚಿಯಲ್ಲೂ ಕೂರುವ ಹಾಗಿಲ್ಲ, ಈ ಕೋಣೆಯಲ್ಲೂ ಕೂರುವ ಹಾಗಿಲ್ಲ.

ನಾನು ಹೆಸರು ವಾಪಸು ತೆಗೆದುಕೊಂಡರೆ ನಿಮ್ಮ ಅಂಗಡಿಗೆ ಬೀಗ ಬೀಳುತ್ತದೆ, ಗೊತ್ತು. ನೀವು ಹನ್ನೆರಡು ವರ್ಷ ಬೆವರು ಸುರಿಸಿ ನಿಲ್ಲಿಸಿದ ಅಂಗಡಿ. ನೀವು ಅಕ್ಕರೆಯಿಂದ ಮಾತಾಡಿಸಿದ ಆ ಅಜ್ಜಿ ಒಂದು ಜ್ವರದ ಮಾತ್ರೆಗೂ ಹುಣಸೂರಿಗೆ ಹೋಗಬೇಕಾಗುತ್ತದೆ. ಅದನ್ನು ನೆನೆದೇ ಮೂರು ಸಲ ಈ ಕಾಗದ ಬರೆದು ಹರಿದುಹಾಕಿದೆ. ಆಮೇಲೆ ರಾಣಿಯ ನೆನಪಾಯಿತು. ನನ್ನ ಜೊತೆ ಓದಿದ ಹುಡುಗಿ, ಹುಣಸೂರಿನಲ್ಲೇ ಇದ್ದಾಳೆ, ಕೆಲಸ ಹುಡುಕುತ್ತಿದ್ದಾಳೆ. ಕೇಳಿದೆ, ದಿನಾ ಬಂದು ಕೂರುತ್ತೇನೆ ಎಂದಳು. ಆದರೆ ಸಂಬಳ ಕೇಳುತ್ತಾಳೆ, ಮತ್ತೆ ಕೂರುತ್ತೇನೆಂದರೆ ಕೂತೇ ಕೂರುತ್ತಾಳೆ. ಅವಳ ಹೆಸರು ಸೇರುವ ತನಕ ಕೆಲವು ದಿನ ಬಾಗಿಲು ಹಾಕಬೇಕಾಗಬಹುದು. ಅತ್ತೆ ಕೂಗಾಡುತ್ತಾರೆ. ಮಾವನವರು ಮಾತು ಬಿಡುತ್ತಾರೆ. ನೀವು ಏನು ಮಾಡುತ್ತೀರಿ ಎಂಬುದೊಂದು ಮಾತ್ರ ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಿಲ್ಲ.

ಇಲ್ಲಿ ಅಂಗಡಿಯಲ್ಲಿ ಕೂತರೆ ಭಾನುವಾರ ಭಾನುವಾರ ಗುರುಪುರಕ್ಕೆ ಬರುತ್ತೇನೆ, ನೀವೂ ಒಮ್ಮೊಮ್ಮೆ ಬೇಗೂರಿಗೆ ಬನ್ನಿ. ನಮಗಿಬ್ಬರಿಗೂ ಇನ್ನೂ ವಯಸ್ಸಿದೆ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ ಎಂದು ಬಾಯಲ್ಲಿ ಹೇಳಿದವಳಲ್ಲ, ಇಲ್ಲಿ ಬರೆದಿದ್ದೇನೆ, ಎರಡು ಸಲ ಓದಿಕೊಳ್ಳಿ.

ಮಂಗಳವಾರ ಬರುತ್ತೇನೆ. ಬರದೆ ಎಲ್ಲಿಗೆ ಹೋಗಲಿ? ಅಮ್ಮನನ್ನು ಎರಡು ದಿನ ಅಪ್ಪ ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಕೋಟೆ, ಅಲ್ಲಿಂದ ಹುಣಸೂರು ಬಸ್ಸಿಗೆ ಗುರುಪುರ. ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿಡಿ, ಹೋದ ಸಲ ಕಾಲರಿನ ಹತ್ತಿರ ಅರಿಸಿನ ಹತ್ತಿತ್ತು. ಹಾಲಿನ ಗಾಡಿಯ ಲಿಂಗರಾಜಣ್ಣ ನಾಳೆ ಗುರುಪುರದ ಮೇಲೆ ಹುಣಸೂರಿಗೆ ಹೋಗುತ್ತಾನೆ, ಈ ಕಾಗದವನ್ನು ಅವನೇ ನಿಮ್ಮ ಕೈಗೆ ಕೊಡುತ್ತಾನೆ. ಅವನಿಗೊಂದು ಲೋಟ ಕಾಫಿ ಕೊಡಿಸಿ.

ಗೋಡೆಯ ಮೇಲೆ ದಿನವೂ ನಿಮ್ಮ ಕಣ್ಣಿಗೆ ಬೀಳುವ,
ರಮ್ಯಶ್ರೀ

ಮರೆತಿದ್ದು: ಶೀಟಿನ ವಿಷಯವನ್ನು ಅಳಿಯಂದಿರಿಗೆ ಬರೆಯಬೇಡ, ನೊಂದುಕೊಳ್ಳುತ್ತಾರೆ ಎಂದು ಅಮ್ಮ ಎಡಗೈಯಲ್ಲಿ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದಿದ್ದೇನೆ. ಒಮ್ಮೆ ನಿಜ ಹೇಳಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ ಎಂದು ಈಗ ಗೊತ್ತಾಗುತ್ತಿದೆ. ಬುಧವಾರ ಆ ಸಾಹೇಬರು ಕೇಳುವ ಪ್ರಶ್ನೆ ನಿಮಗೂ ಬಾಯಿಪಾಠ. ಈ ಸಲ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಅದೇ ಕುರ್ಚಿಯಲ್ಲಿ ಕೂತು, "ಇಲ್ಲ ಸಾರ್, ಒಂದು ದಿನವೂ ಕೂರುವುದಿಲ್ಲ" ಎನ್ನುತ್ತೇನೆ. ಅದು ನಿಮಗೆ ಬೇಡವಾದರೆ ಮಂಗಳವಾರ ನಾನು ಬಂದಾಗ ಆ ಗೋಡೆಯಲ್ಲಿ ಬರೀ ಮೊಳೆ ಇರಲಿ, ರಾಣಿ ಬರುತ್ತಾಳೆಂದು ನೀವೇ ಸಾಹೇಬರಿಗೆ ಹೇಳಿ. ಕಟ್ಟನ್ನು ನನ್ನ ಕೈಗೇ ಕೊಡಿ. ಗಾಜು ಒರೆಸಿ ಕೊಡಬೇಕಿಲ್ಲ, ನಾನೇ ಒರೆಸಿಕೊಳ್ಳುತ್ತೇನೆ.